ಊರ ಪಕ್ಕ ಬ್ಯಾಟರಿ ಕಂಟೇನರ್‌ಗಳು: ಠರಾವಿಗೆ ಮುನ್ನ ಯಾವ ಅಗ್ನಿ ಯೋಜನೆ ಕೇಳಬೇಕು?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯ, ಜೇವರ್ಗಿ ತಾಲ್ಲೂಕು

ಎಲ್ಲರಿಗೂ ಶರಣು. ನಮ್ಮೂರ ಎರೆ ಹೊಲಗಳಲ್ಲಿ ಸೌರ ವಿದ್ಯುತ್ ಘಟಕವೊಂದು ಬರಲಿದ್ದು, ಅದರ ಬೇಲಿಯೊಳಗೇ ಲಿಥಿಯಂ ಬ್ಯಾಟರಿಗಳ 40 ಕಂಟೇನರ್‌ಗಳನ್ನು ಇಡುವುದಾಗಿ ಹೇಳಿದ್ದಾರೆ. ಹತ್ತಿರದ ಮನೆ ಅಲ್ಲಿಂದ ಸುಮಾರು 300 ಮೀಟರ್. ನಿರಾಕ್ಷೇಪಣಾ ಪತ್ರ ಕೇಳಿ ಬಂದ ಕಡತದಲ್ಲಿ ಅಗ್ನಿ ಸುರಕ್ಷತೆಗೆ ಒಂದೇ ಪುಟವಿದೆ. ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದಾದ್ದರಿಂದಲೂ ಪ್ರತಿ ಕಂಟೇನರ್‌ನಲ್ಲಿ ಬೆಂಕಿ ಆರಿಸುವ ಅನಿಲದ ವ್ಯವಸ್ಥೆ ಇರುವುದರಿಂದಲೂ ಅಪಾಯವಿಲ್ಲ ಎಂದಷ್ಟೇ ಅದರಲ್ಲಿ ಬರೆದಿದ್ದಾರೆ. ಯೋಜನೆ ಬೇಡವೆಂಬುದು ನಮ್ಮ ನಿಲುವಲ್ಲ. ಆದರೆ ಠರಾವಿನಲ್ಲಿ ಯಾವ ಷರತ್ತುಗಳನ್ನು ಸೇರಿಸಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಅಗ್ನಿಶಾಮಕ ಅಧಿಕಾರಿ, ಕಲಬುರಗಿ

ಅನಿಲ ವ್ಯವಸ್ಥೆ ಇದೆ, ಆದ್ದರಿಂದ ಅಪಾಯವಿಲ್ಲ ಎಂಬ ಮಾತನ್ನೇ ಮೊದಲು ಪ್ರಶ್ನಿಸಿ. ಆ ಅನಿಲವು ಜ್ವಾಲೆಯನ್ನು ಆರಿಸಬಲ್ಲದೇ ಹೊರತು ಸೆಲ್‌ನ (ಬ್ಯಾಟರಿಯ ಬಿಡಿ ಕೋಶ) ಒಳಗೆ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಬಿಸಿಯನ್ನು ತಗ್ಗಿಸಲಾರದು. ಒಂದು ಸೆಲ್ ಅಂಕೆ ಮೀರಿ ಕಾದರೆ ಪಕ್ಕದ ಸೆಲ್ ಕಾಯುತ್ತದೆ, ಅದರಿಂದ ಮತ್ತೊಂದು. ಜ್ವಾಲೆಯಿಲ್ಲದಿದ್ದರೂ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಮುಂತಾದ ಅನಿಲಗಳು ಪೆಟ್ಟಿಗೆಯೊಳಗೆ ತುಂಬುತ್ತಲೇ ಹೋಗುತ್ತವೆ. ಅಮೆರಿಕದ ಅರಿಜೋನಾದ ಸರ್‌ಪ್ರೈಸ್ ಎಂಬ ಊರಿನಲ್ಲಿ 2019ರ ಏಪ್ರಿಲ್ 19ರಂದು ಆದದ್ದು ಇದೇ. ಅನಿಲ ವ್ಯವಸ್ಥೆ ತನ್ನ ಕೆಲಸ ಮಾಡಿತ್ತು, ಹೊರಗೆ ಬೆಂಕಿ ಕಾಣುತ್ತಿರಲಿಲ್ಲ. ಕೆಲವು ಗಂಟೆಗಳ ಬಳಿಕ ಸಿಬ್ಬಂದಿ ಬಾಗಿಲು ತೆರೆದರು, ಒಳಗೆ ಕಟ್ಟಿಕೊಂಡಿದ್ದ ಅನಿಲಕ್ಕೆ ಗಾಳಿ ಸಿಕ್ಕಿತು; ಸ್ಫೋಟದಲ್ಲಿ ನಾಲ್ವರು ಅಗ್ನಿಶಾಮಕರು ತೀವ್ರವಾಗಿ ಗಾಯಗೊಂಡರು.

ಬಾಗಿಲು ಒಡೆದು ಒಳನುಗ್ಗುವುದನ್ನೇ ಇಡೀ ಸೇವಾವಧಿಯಲ್ಲಿ ರೂಢಿಸಿಕೊಂಡ ನಮ್ಮಂಥವರಿಗೆ ಇಲ್ಲಿ ಬಾಗಿಲು ಮುಟ್ಟಬಾರದು ಎಂದು ಕಲಿಸುವುದೇ ಕಷ್ಟದ ಕೆಲಸ. ಆದ್ದರಿಂದ ಒಳಗಿನ ಅನಿಲದ ಪ್ರಮಾಣವನ್ನು ಹೊರಗಿನಿಂದಲೇ ಓದಲು ಬರುವ ಫಲಕ, ಅನಿಲವನ್ನು ಹೊರಹಾಕುವ ಫ್ಯಾನ್, ಸ್ಫೋಟವಾದರೂ ಒತ್ತಡ ಜನರತ್ತ ಬಾರದೆ ಮೇಲಕ್ಕೆ ಹೋಗುವಂತಹ ಚಾವಣಿ ಕಿಂಡಿ, ಇವು ಇವೆಯೇ ಎಂದು ಲಿಖಿತವಾಗಿ ಕೇಳಿ.

ಹೊತ್ತಿದ ಕಂಟೇನರ್ ಅನ್ನು ಉರಿದು ಮುಗಿಯಲು ಬಿಟ್ಟು, ಅಕ್ಕಪಕ್ಕದವುಗಳಿಗೆ ದೂರದಿಂದ ನೀರು ಹೊಡೆದು ತಂಪಾಗಿಡುವುದು ಈಗ ಸಾಮಾನ್ಯವಾಗಿ ಒಪ್ಪಿತವಾದ ಕ್ರಮ. ಇದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುವ ಕೆಲಸ. 4,500 ಲೀಟರ್ ಹಿಡಿಯುವ ವಾಹನದಿಂದ ನಿಮಿಷಕ್ಕೆ 400 ಲೀಟರ್‌ನಂತೆ ಹೊಡೆದರೆ ಹನ್ನೊಂದು ನಿಮಿಷಕ್ಕೆ ಟ್ಯಾಂಕು ಬರಿದು. ಹಾಗಾಗಿ ಆವರಣದಲ್ಲೇ ನೀರಿನ ತೊಟ್ಟಿ, ಹೈಡ್ರೆಂಟ್ (ಅಗ್ನಿಶಾಮಕ ಪೈಪು ಜೋಡಿಸುವ ನೀರಿನ ನಲ್ಲಿ) ಮತ್ತು ಡೀಸೆಲ್ ಪಂಪು ಇರಲೇಬೇಕು. ಇನ್ನೊಂದು ಮಾತು: ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರೇ ಹೂತುಹೋಗುವಾಗ ನೀರು ತುಂಬಿದ ಅಗ್ನಿಶಾಮಕ ವಾಹನ ಹೇಗೆ ಬರಬೇಕು? ಮುರಮ್ ಹಾಕಿ ಗಟ್ಟಿ ಮಾಡಿದ, ಎರಡು ದಿಕ್ಕಿನಿಂದ ಪ್ರವೇಶವಿರುವ ರಸ್ತೆಯಿಲ್ಲದೆ ಉಳಿದೆಲ್ಲ ಯೋಜನೆ ಕಾಗದದ ಮೇಲೆಯೇ ಉಳಿಯುತ್ತದೆ.

ಉತ್ತರ 2: ವಿದ್ಯುತ್ ಎಂಜಿನಿಯರ್, ಬೀದರ್

ಹಿರಿಯರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಎಲ್‌ಎಫ್‌ಪಿ ಸೆಲ್‌ಗಳು ನಿಕ್ಕಲ್ ಇರುವ ಬಗೆಗಿಂತ ಹೆಚ್ಚು ಬಿಸಿಯನ್ನು ತಾಳುತ್ತವೆ ಎಂಬುದು ನಿಜ. ಅಪಾಯವಿಲ್ಲ ಎಂಬುದು ನಿಜವಲ್ಲ, ಏಕೆಂದರೆ ಕೆಟ್ಟಾಗ ಅವೂ ಹೊತ್ತಿಕೊಳ್ಳುವ ಅನಿಲವನ್ನೇ ಉಗುಳುತ್ತವೆ. ಗುತ್ತಿಗೆದಾರರಿಂದ ಯುಎಲ್ 9540ಎ ಪರೀಕ್ಷೆಯ ಪೂರ್ಣ ವರದಿಯನ್ನು ಕೇಳಿ. ಒಂದು ಸೆಲ್ ಕೆಟ್ಟರೆ ಬೆಂಕಿ ಎಲ್ಲಿಯವರೆಗೆ ಹರಡುತ್ತದೆ, ಎಷ್ಟು ಅನಿಲ ಬರುತ್ತದೆ ಎಂಬುದನ್ನು ಅದು ಅಳೆಯುತ್ತದೆ, ಕಂಟೇನರ್‌ಗಳ ನಡುವಿನ ಅಂತರ ಆ ಅಳತೆಗೆ ಹೊಂದಬೇಕು. ಅದು ಪ್ರಮಾಣಪತ್ರವಲ್ಲ, ಪರೀಕ್ಷೆಯ ಫಲಿತಾಂಶ. “ಪಾಸಾಗಿದೆ” ಎಂದು ಯಾರಾದರೂ ಹೇಳಿದರೆ ಅವರು ವರದಿಯನ್ನು ಓದಿಲ್ಲವೆಂದೇ ತಿಳಿಯಿರಿ.

ಗಾಳಿಯ ಲೆಕ್ಕವನ್ನೂ ಮರೆಯಬೇಡಿ. ಆಸ್ಟ್ರೇಲಿಯಾದ ಜೀಲಾಂಗ್ ಬಳಿ 2021ರ ಜುಲೈ 30ರಂದು, ಘಟಕವಿನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ, ತಂಪುಕಾರಕ ದ್ರವ ಸೋರಿ ಒಂದು ಬ್ಯಾಟರಿ ಪೆಟ್ಟಿಗೆ ಹೊತ್ತಿತು. ಜೋರು ಗಾಳಿಗೆ ಬಾಗಿದ ಜ್ವಾಲೆ ಪಕ್ಕದ ಪೆಟ್ಟಿಗೆಯ ಚಾವಣಿಯ ಮೂಲಕ ಒಳಹೊಕ್ಕಿತು. ಮೊದಲು ಹೊತ್ತಿದ ಪೆಟ್ಟಿಗೆಯನ್ನು ಆಗ ಸ್ಥಗಿತಗೊಳಿಸಿದ್ದರಿಂದ ಅದರ ಉಸ್ತುವಾರಿ ಸಂಕೇತಗಳೂ ನಿಂತಿದ್ದವು. ಹಾಗಾಗಿ ಮೊದಲ ಕಂಟೇನರ್ ಬಂದಿಳಿದ ದಿನದಿಂದಲೇ ಅಗ್ನಿ ಯೋಜನೆ ಜಾರಿಯಲ್ಲಿರಬೇಕು, ಉದ್ಘಾಟನೆಯ ದಿನದಿಂದಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ತಾಪ 42 ಡಿಗ್ರಿ ದಾಟುತ್ತದೆ. ಗ್ರಿಡ್ ಹೋದಾಗ ಚಿಲ್ಲರ್ (ತಂಪುಗೊಳಿಸುವ ಯಂತ್ರ) ಮತ್ತು ಬಿಎಂಎಸ್‌ಗೆ (ಬ್ಯಾಟರಿಯ ಉಸ್ತುವಾರಿ ವ್ಯವಸ್ಥೆ) ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೂ ಉತ್ತರ ಪಡೆಯಿರಿ. ಬೇಲಿಯ ಆಚೆ ತೊಗರಿ ಕಟ್ಟಿಗೆ, ಜೋಳದ ಕಣಕಿಯ ಬಣವೆ ಒಟ್ಟದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಪಂಚಾಯಿತಿಯದೇ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಅಷ್ಟೊಂದು ನೀರು ಹೊಡೆದರೆ ಅದು ಹರಿದು ಸೇರುವುದು ನಮ್ಮ ಹಳ್ಳಕ್ಕೆ, ಅಲ್ಲಿಂದ ಭೀಮಾ ನದಿಗೆ. ದನಕರುಗಳು ಕುಡಿಯುವುದು ಆ ಹಳ್ಳದ ನೀರನ್ನೇ. ಇದಕ್ಕೇನು ಷರತ್ತು ಹಾಕಬಹುದು?

ಉತ್ತರ 3: ಕೃಷಿ ಪದವೀಧರ, ಯಾದಗಿರಿ

ಆವರಣದ ಇಳಿಜಾರಿನ ತುದಿಯಲ್ಲಿ ತಳಕ್ಕೆ ಹಾಳೆ ಹಾಸಿದ ಹೊಂಡವನ್ನೂ, ಹಳ್ಳಕ್ಕೆ ಹೋಗುವ ಕಾಲುವೆಗೆ ಮುಚ್ಚುವ ಬಾಗಿಲನ್ನೂ ಕೇಳಿ. ಬೇಸಿಗೆಯಲ್ಲಿ ಎರೆ ಮಣ್ಣು ಆಳವಾಗಿ ಬಿರುಕು ಬಿಡುವುದರಿಂದ ಬರಿಯ ಮಣ್ಣಿನ ಹೊಂಡ ನೀರನ್ನು ತಡೆದಿಡುವುದಿಲ್ಲ. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ 2025ರ ಜನವರಿ 16ರಂದು ನಿಕ್ಕಲ್ ಬಗೆಯ ಬ್ಯಾಟರಿಗಳಿದ್ದ ಕಟ್ಟಡ ಹೊತ್ತಿ ಉರಿದಾಗ ಸಾವಿರಕ್ಕೂ ಹೆಚ್ಚು ಜನರಿಗೆ ಮನೆ ಬಿಡುವಂತೆ ಸೂಚಿಸಲಾಯಿತು. ಹತ್ತಿರದ ಜೌಗು ನೆಲದ ಮೇಲ್ಮಣ್ಣಿನಲ್ಲಿ ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್ ಪ್ರಮಾಣ ಏರಿದ್ದನ್ನು ಸಂಶೋಧಕರು ಗುರುತಿಸಿದರು. ಅಲ್ಲಿ ಅವರ ಬಳಿ ಹಳೆಯ ಅಳತೆಗಳಿದ್ದುದರಿಂದ ಹೋಲಿಸಲು ಸಾಧ್ಯವಾಯಿತು. ಎಲ್‌ಎಫ್‌ಪಿಯಲ್ಲಿ ನಿಕ್ಕಲ್, ಕೋಬಾಲ್ಟ್ ಇರುವುದಿಲ್ಲವಾದರೂ ಫ್ಲೋರೈಡ್ ಬರಬಹುದು. ಆದ್ದರಿಂದ ಕಾಮಗಾರಿ ಆರಂಭವಾಗುವ ಮೊದಲೇ ಸುತ್ತಲಿನ ಹೊಲಗಳ ಮಣ್ಣು, ಹಳ್ಳ ಮತ್ತು ಕೊಳವೆಬಾವಿಗಳ ನೀರಿನ ಮಾದರಿಯನ್ನು ಗುತ್ತಿಗೆದಾರರ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿ, ವರದಿಯ ಒಂದು ಪ್ರತಿಯನ್ನು ಠರಾವಿನ ಪುಸ್ತಕಕ್ಕೇ ಲಗತ್ತಿಸಿಡಿ.