ನಲವತ್ತು ಚಿತ್ರ, ಹನ್ನೆರಡು ನಿಮಿಷ: ತಪ್ಪು ನನ್ನದೋ ಗ್ಯಾಲರಿಯದೋ?

ದಾರಿಹೋಕ:
ಕಳೆದ ವಾರ ಒಂದು ಸಮುದಾಯ ಕಲಾ ಗ್ಯಾಲರಿಗೆ ಹೋಗಿದ್ದೆ. ಕಲಾವಿದರೇ ಸೇರಿ ನಡೆಸುವ, ಪ್ರವೇಶಕ್ಕೆ ದುಡ್ಡು ಕೇಳದ, ಸ್ವಯಂಸೇವಕರೇ ಬೀಗ ತೆಗೆದು ಬೀಗ ಹಾಕುವ ಪುಟ್ಟ ಜಾಗ. ಹೆಸರು ಬೇಡ, ಯಾರನ್ನೂ ಹೀಗಳೆಯಲು ಬರೆಯುತ್ತಿಲ್ಲ. ನಲವತ್ತು ಚಿತ್ರಗಳಿದ್ದವು. ಎಲ್ಲವನ್ನೂ ನೋಡಿ ಹೊರಗೆ ಬಂದು ಗಡಿಯಾರ ನೋಡಿಕೊಂಡರೆ ಹನ್ನೆರಡೇ ನಿಮಿಷ. ಮೇಜಿನ ಹಿಂದೆ ಕುಳಿತಿದ್ದವರು ತಲೆಯೆತ್ತಿರಲಿಲ್ಲ. ಒಂದು ಚಿತ್ರದ ಬಳಿ ನಾನು ಬಾಗಿದಾಗ ಮಾತ್ರ ‘ಮುಟ್ಟಬೇಡಿ’ ಎಂದರು. ನಾನು ಮುಟ್ಟಲು ಹೋಗಿರಲಿಲ್ಲ, ಪಕ್ಕದ ಚೀಟಿ ಓದುತ್ತಿದ್ದೆ. ಅದರಲ್ಲಿದ್ದದ್ದು ಇಷ್ಟೇ: ‘ಶೀರ್ಷಿಕೆಯಿಲ್ಲ. ಮಿಶ್ರ ಮಾಧ್ಯಮ.’ ಇದನ್ನು ಓದುವುದಕ್ಕೆ ಸೊಂಟ ಬಗ್ಗಿಸಬೇಕಿತ್ತೇ? ಬರಬಾರದ ಜಾಗಕ್ಕೆ ಬಂದೆನೇನೋ ಅನ್ನಿಸಿತು. ನಿಮಗೂ ಹೀಗಾಗಿದೆಯೇ?

ಒಣಗದ ಬಣ್ಣ:
ಹನ್ನೆರಡು ನಿಮಿಷಕ್ಕೆ ನಲವತ್ತು ಚಿತ್ರವೆಂದರೆ ಒಂದಕ್ಕೆ ಹದಿನೆಂಟು ಸೆಕೆಂಡ್. ನಾನು ಚಿತ್ರ ಬರೆಯುವವನು. ಒಂದೊಂದಕ್ಕೆ ಮೂರು ತಿಂಗಳು ಹಿಡಿಯುತ್ತದೆ. ಮೂರು ತಿಂಗಳ ಕೆಲಸಕ್ಕೆ ಹದಿನೆಂಟು ಸೆಕೆಂಡ್ ಕೊಟ್ಟು ‘ಅರ್ಥವಾಗಲಿಲ್ಲ’ ಎಂದು ದೂರುವುದು ಯಾವ ನ್ಯಾಯ? ಚೀಟಿ ಓದಲು ಬಾಗಿದಿರಿ, ಚಿತ್ರ ನೋಡಲು ನಿಂತಿರಾ?

ಬೈಫೋಕಲ್:
ಹದಿನೆಂಟು ಸೆಕೆಂಡ್ ಎಂದು ಹಂಗಿಸಬೇಡಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಗಿದೆ. ಸರಾಸರಿ 27.2 ಸೆಕೆಂಡ್. ಈ ಸರಾಸರಿಯನ್ನು ಮೇಲಕ್ಕೆಳೆದವರು ತುಂಬ ಹೊತ್ತು ನಿಂತ ಕೆಲವರು. ಅರ್ಧಕ್ಕರ್ಧ ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಅದೂ ಜಗತ್ತೇ ಮೆಚ್ಚಿದ ಕೃತಿಗಳ ಮುಂದೆ. ಆ ಲೆಕ್ಕದಲ್ಲಿ ದಾರಿಹೋಕರು ನಿಮಗೆ ಒಂದು ಸೆಕೆಂಡ್ ಹೆಚ್ಚಿಗೇ ಕೊಟ್ಟಿದ್ದಾರೆ.

ಇನ್ನು ಬಾಗುವ ವಿಷಯ. ಇದು ನನ್ನ ನಿತ್ಯದ ಗೋಳು. ಬೈಫೋಕಲ್ ಕನ್ನಡಕದಲ್ಲಿ ಅಕ್ಷರ ಓದುವ ಭಾಗ ಕೆಳಗಿರುತ್ತದೆ. ಚೀಟಿ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಬೇಕು, ಸೊಂಟದ ಮಟ್ಟದಲ್ಲಿದ್ದರೆ ಹತ್ತಿರಕ್ಕೆ ಬಗ್ಗಬೇಕು. ಬಿಳಿ ಗೋಡೆಯ ಮೇಲೆ ಬಿಳಿ ಚೀಟಿ, ಅದರಲ್ಲಿ ಇರುವೆಗಾತ್ರದ ಬೂದು ಅಕ್ಷರ! ನೋಡಲು ಬಲು ನಾಜೂಕು, ಓದಲು ಆಗದು. ಬಾಸ್ಟನ್‌ನ ಲಲಿತಕಲಾ ಮ್ಯೂಸಿಯಂನ ಅಧಿಕಾರಿಯೊಬ್ಬರು 1916ರಲ್ಲೇ ಈ ಒದ್ದಾಟದ ಫೋಟೋಗಳನ್ನು ತೆಗೆಸಿ ಲೇಖನ ಪ್ರಕಟಿಸಿದ್ದರು: ಗಾಜಿನ ಪೆಟ್ಟಿಗೆಗಳ ಮುಂದೆ ಬಗ್ಗುವ, ಕುಕ್ಕರಿಸುವ, ಕತ್ತು ಚಾಚುವ ಒಬ್ಬ ಮನುಷ್ಯ. ನೂರು ವರ್ಷ ಕಳೆದರೂ ನಾವು ಬಗ್ಗುತ್ತಲೇ ಇದ್ದೇವೆ.

ಶನಿವಾರದ ಪಾಳಿ:
ಮೇಜಿನ ಹಿಂದೆ ಕೂರುವವರ ಪರವಾಗಿ ಎರಡು ಮಾತು. ಇಂಥದ್ದೇ ಒಂದು ಗ್ಯಾಲರಿಯಲ್ಲಿ ನಾನು ಸ್ವಯಂಸೇವಕಿ. ಮೊದಮೊದಲು ಬಾಗಿಲಲ್ಲೇ ಎದುರುಗೊಂಡು ‘ಬನ್ನಿ, ನಮ್ಮ ಗ್ಯಾಲರಿಯ ಬಗ್ಗೆ ಹೇಳುತ್ತೇನೆ’ ಎನ್ನುತ್ತಿದ್ದೆ. ಜನ ಬೆಚ್ಚುತ್ತಿದ್ದರು. ಏನಾದರೂ ಕೊಳ್ಳಲೇಬೇಕೇನೋ ಎಂಬ ಅಂಜಿಕೆ ಮುಖದಲ್ಲಿ ಕಾಣುತ್ತಿತ್ತು. ಈಗ ಬಂದವರಿಗೆ ನಮಸ್ಕಾರ ಹೇಳಿ ಸುಮ್ಮನಾಗುತ್ತೇನೆ. ಹೊರಡುವಾಗ ಮಾತ್ರ ‘ಯಾವುದರ ಮುಂದೆ ಹೆಚ್ಚು ಹೊತ್ತು ನಿಂತಿರಿ?’ ಎಂದು ಕೇಳುತ್ತೇನೆ. ‘ಹೇಗಿತ್ತು’ ಎಂದರೆ ‘ಚೆನ್ನಾಗಿತ್ತು’ ಎಂದು ನಡೆದುಬಿಡುತ್ತಾರೆ. ಈ ಪ್ರಶ್ನೆ ಕೇಳಿದರೆ ಎಷ್ಟೋ ಜನ ತಿರುಗಿ ಒಳಗೆ ಹೋಗಿ ಆ ಚಿತ್ರವನ್ನು ಬೆರಳು ಮಾಡಿ ತೋರಿಸುತ್ತಾರೆ.

ಬೆರಳು ಎಂದಾಗ ನೆನಪಾಯಿತು, ‘ಮುಟ್ಟಬೇಡಿ’ ಎನ್ನುವುದು ಗದರಿಸಬೇಕೆಂದಲ್ಲ. ಒಮ್ಮೆ ಇಸ್ತ್ರಿ ಶರ್ಟಿನ ಹಿರಿಯರೊಬ್ಬರು ದಪ್ಪಗೆ ಮೆತ್ತಿದ ಹಳದಿಯ ಮೇಲೆ ಹೆಬ್ಬೆರಳು ಒತ್ತಿಬಿಟ್ಟರು. ‘ಒಣಗಿದೆಯೇ ಅಂತ ನೋಡಿದೆ’ ಎಂದರು. ಒಣಗಿರಲಿಲ್ಲ. ತೈಲವರ್ಣದ ಮೇಲ್ಪದರ ಕೆನೆಗಟ್ಟಿದರೂ ದಪ್ಪನೆಯ ಬಣ್ಣ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಆ ಹೆಬ್ಬೆಟ್ಟು ಇವತ್ತಿಗೂ ಅಲ್ಲಿದೆ. ಕಲಾವಿದೆ ನಕ್ಕು ಹಾಗೆಯೇ ಬಿಟ್ಟರು, ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಆದರೂ, ದಾರಿಹೋಕರೇ, ಮೊದಲ ಮಾತೇ ‘ಮುಟ್ಟಬೇಡಿ’ ಆಗಬಾರದಿತ್ತು. ಅದು ನಮ್ಮವರ ತಪ್ಪು.

ಮೊಳೆ ಸುತ್ತಿಗೆ:
ಚಿತ್ರ ನೇತು ಹಾಕುವವನು ನಾನು, ಆದ್ದರಿಂದ ಬೈಗುಳ ನನಗೂ ಸಲ್ಲಬೇಕು. ನಿಜವಾದ ರೋಗ ಚೀಟಿಯಲ್ಲ, ನಲವತ್ತು. ಆ ಗೋಡೆಗಳು ತಡೆಯುವುದು ಇಪ್ಪತ್ತೋ ಇಪ್ಪತ್ತೆರಡೋ ಇರಬೇಕು. ಸಮುದಾಯದ ಗ್ಯಾಲರಿಯಲ್ಲಿ ಪ್ರತಿ ಸದಸ್ಯನಿಗೂ ಗೋಡೆಯ ಪಾಲು ಬೇಕು, ಒಬ್ಬರನ್ನು ಬಿಟ್ಟರೆ ಮುಂದಿನ ಸಭೆಯಲ್ಲಿ ರಾಮಾಯಣ. ಹಾಗಾಗಿ ಚೌಕಟ್ಟಿಗೆ ಚೌಕಟ್ಟು ತಾಗುತ್ತದೆ, ಚೀಟಿಗೆ ಜಾಗ ಉಳಿಯುವುದು ಕೆಳಗೆ.

ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚಿಗೆ ಬರಬೇಕೆಂಬುದು ನಮ್ಮಲ್ಲಿ ರೂಢಿ. ನಿಂತ ವಯಸ್ಕನ ಕಣ್ಣಿನ ಲೆಕ್ಕ ಅದು. ಎರಡು ಸಾಲು ಹಾಕಿದ ಕೂಡಲೇ ಆ ಲೆಕ್ಕ ಮಣ್ಣುಪಾಲು. ಬೆಳಕು ಸಾಲದು ಎನ್ನುವವರಿಗೂ ಹೇಳುತ್ತೇನೆ: ಜಲವರ್ಣ, ಬಟ್ಟೆ, ಕಾಗದದ ಕೃತಿಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡವೆನ್ನುತ್ತಾರೆ. ಬಣ್ಣ ಒಮ್ಮೆ ಮಾಸಿದರೆ ಮರಳಿ ಬರುವುದಿಲ್ಲ. ಆ ಮಬ್ಬು ಬೆಳಕಿನಲ್ಲಿ ಬೂದು ಅಕ್ಷರ ಮುದ್ರಿಸುವವರಿಗೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

ಎರಡು ಮಕ್ಕಳ ತಾಯಿ:
57 ಇಂಚಿನ ಲೆಕ್ಕದಲ್ಲಿ ನನ್ನ ಐದು ವರ್ಷದವನಿಗೆ ಕಾಣುವುದು ಚೌಕಟ್ಟಿನ ಕೆಳಪಟ್ಟಿ. ನಾನು ಎತ್ತಿಕೊಂಡು ತೋರಿಸಬೇಕು. ಒಮ್ಮೆ ಹಾಗೆ ತೋರಿಸುವಾಗ ‘ನಾಯಿ ಇದೆ’ ಎಂದ. ಪಕ್ಕದಲ್ಲೇ ನಿಂತಿದ್ದ ಕಲಾವಿದರು ‘ನಾಯಿ ಇಲ್ಲವಲ್ಲ ಪುಟ್ಟ, ಅದು ಅಮೂರ್ತ’ ಎಂದರು. ಅವನು ಬಿಡಲಿಲ್ಲ, ಕಿವಿ ತೋರಿಸಿದ, ಬಾಲ ತೋರಿಸಿದ. ಆಮೇಲೆ ನನಗೂ ನಾಯಿ ಬಿಟ್ಟು ಬೇರೇನೂ ಕಾಣಲಿಲ್ಲ. ಕಲಾವಿದರ ಮುಖ ನೋಡಿದರೆ ಅವರಿಗೂ ಕಂಡಂತಿತ್ತು.

ಇನ್ನೊಂದು ಪ್ರಶ್ನೆ: ಮೊಬೈಲಿನಲ್ಲಿ ಫೋಟೋ ತೆಗೆಯಲು ಬಿಡಬೇಕೇ? ನಾವು ಹೋದಲ್ಲಿ ಒಬ್ಬರು ಬಿಡುತ್ತಾರೆ, ಒಬ್ಬರು ಬೈಯುತ್ತಾರೆ.

ಬೈಫೋಕಲ್:
ಬಿಡಬೇಕು, ಫ್ಲ್ಯಾಶ್ ಬೇಡ, ಕಲಾವಿದರ ಒಪ್ಪಿಗೆ ಇರಲಿ. ಆದರೆ ಫೋಟೋ ತೆಗೆದವರಿಗೆ ನೋಡಿದ್ದು ಕಡಿಮೆ ನೆನಪಿರುತ್ತದೆ ಎಂದು ಅಮೆರಿಕದ ವಿಶ್ವವಿದ್ಯಾಲಯವೊಂದರ ಮ್ಯೂಸಿಯಂನಲ್ಲಿ ನಡೆದ ಪ್ರಯೋಗ ಹೇಳಿತ್ತು, 2014ರಲ್ಲಿ ಪ್ರಕಟವಾದದ್ದು. ತಮಾಷೆಯೆಂದರೆ, ವಸ್ತುವಿನ ಒಂದು ಭಾಗವನ್ನಷ್ಟೇ ಹಿಗ್ಗಿಸಿ ತೆಗೆದವರ ನೆನಪಿಗೆ ಆ ಪೆಟ್ಟು ಬಿದ್ದಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ 2015ರಲ್ಲಿ ‘ಫೋಟೋ ಬದಲು ಚಿತ್ರ ಬಿಡಿಸಿ’ ಎಂದು ಬಂದವರ ಕೈಗೆ ಪೆನ್ಸಿಲ್ಲು, ಪುಸ್ತಕ ಕೊಟ್ಟಿತ್ತು. ನಿಮ್ಮ ಮಗನಿಗೆ ಅದೇ ಸರಿ.

ಒಣಗದ ಬಣ್ಣ:
ನಾಯಿಯ ಕಥೆಗೆ ನಕ್ಕೆ, ಒಪ್ಪುತ್ತೇನೆ. ಆದರೆ ಚೀಟಿಯ ವಿಷಯದಲ್ಲಿ ಜಗ್ಗುವುದಿಲ್ಲ. ಉದ್ದ ಬರೆದರೆ ಏನಾಗುತ್ತದೆಂದು ನೋಡಿದ್ದೇನೆ: ‘ಅಂತರಂಗದ ಮೌನದ ಅನಾವರಣ’ ಎಂಬಂಥ ಸಾಲುಗಳು. ಓದಿದವರು ಚಿತ್ರ ನೋಡದೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನನ್ನ ಚೀಟಿಯಲ್ಲೂ ‘ಮಿಶ್ರ ಮಾಧ್ಯಮ’ ಎಂದೇ ಇರುತ್ತದೆ. ಇದ್ದಿಲು, ಅಂಟು, ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆ, ಮೇಲೆ ಅಕ್ರಿಲಿಕ್ ಬಣ್ಣ. ಇಷ್ಟನ್ನೆಲ್ಲ ಬರೆದು ಯಾರಿಗೆ ಏನು?

ದಾರಿಹೋಕ:
ನನಗೆ ಬೇಕಿತ್ತು! ‘ಇದರೊಳಗೆ ಹಳೆಯ ಕ್ಯಾಲೆಂಡರಿನ ಹಾಳೆಗಳಿವೆ’ ಎಂದಿದ್ದರೆ ಐದು ನಿಮಿಷ ನಿಂತು ತಾರೀಖು ಹುಡುಕುತ್ತಿದ್ದೆ. ಅಂತರಂಗದ ಮೌನ ನನಗೂ ಬೇಡ. ಚಿತ್ರದ ಅರ್ಥ ನೀವೇ ಇಟ್ಟುಕೊಳ್ಳಿ, ಅದನ್ನು ಏನಿಟ್ಟು ಕಟ್ಟಿದಿರಿ ಎಂಬುದನ್ನು ಹೇಳಿ.

ಒಣಗದ ಬಣ್ಣ:
ಆಗ ನೀವು ನೋಡುವುದು ಕ್ಯಾಲೆಂಡರನ್ನು, ಚಿತ್ರವನ್ನಲ್ಲ.

ದಾರಿಹೋಕ:
ತಾರೀಖು ಹುಡುಕುವಾಗ ಕಣ್ಣು ಎಲ್ಲಿ ಓಡಾಡುತ್ತದೆ, ಹೇಳಿ.

ಶನಿವಾರದ ಪಾಳಿ:
ಒಣಗದ ಬಣ್ಣ ಅವರೇ, ಇದಕ್ಕೆ ಉತ್ತರ ಕೊಡಿ, ಕಾಯುತ್ತಿದ್ದೇನೆ. ಅಂದಹಾಗೆ, ಕುರ್ಚಿಯ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಮ್ಮಲ್ಲಿ ಒಂದು ಬೆಂಚಿತ್ತು. ಯಾವುದೋ ಉದ್ಘಾಟನೆಯ ದಿನ ಜನಕ್ಕೆ ಜಾಗವಾಗಲೆಂದು ಉಗ್ರಾಣಕ್ಕೆ ಹೋದದ್ದು ಇನ್ನೂ ಅಲ್ಲೇ ಇದೆ. ಬೆಂಚಿದ್ದಾಗ ಜನ ಕೂರುತ್ತಿದ್ದರು, ಕೂತವರು ಎದುರಿನ ಗೋಡೆಯನ್ನು ನೋಡದೆ ಇನ್ನೇನು ಮಾಡಬೇಕು?

ಒಣಗದ ಬಣ್ಣ:
ಉತ್ತರ ಯೋಚಿಸುತ್ತಿದ್ದೇನೆ. ಮುಂದಿನ ಪ್ರದರ್ಶನದಲ್ಲಿ ಒಂದೇ ಒಂದು ಚೀಟಿಯಲ್ಲಿ ‘ಕ್ಯಾಲೆಂಡರ್’ ಎಂದು ಬರೆದು ನೋಡುತ್ತೇನೆ, ಉಳಿದವು ಹಾಗೆಯೇ. ಸೋತರೆ ಇಲ್ಲೇ ಬಂದು ಹೇಳುತ್ತೇನೆ. ಗೆದ್ದರೂ ಹೇಳುತ್ತೇನೆ, ಅದರಲ್ಲೇನು.

ಮೊಳೆ ಸುತ್ತಿಗೆ:
ಅಕ್ಷರ ಕಪ್ಪಾಗಿರಲಿ, ದೊಡ್ಡದಿರಲಿ. ಮತ್ತೆ ಶನಿವಾರದ ಪಾಳಿಯವರೇ, ಬೆಂಚು ಹೊರತೆಗೆಯಿರಿ, ಆದರೆ ತುರ್ತು ಬಾಗಿಲಿಗೆ ಅಡ್ಡ ಇಡಬೇಡಿ. ಗಾಲಿಕುರ್ಚಿ ತಿರುಗುವಷ್ಟು ಜಾಗವನ್ನೂ ಬಿಡಿ. ಕಳೆದ ಸಲ ಎರಡನ್ನೂ ಮರೆತವನು ನಾನೇ.