ಸಹಾಯ ಬೇಕು: ಹಿಮಪರ್ವತ ಹತ್ತಿದವರು ದುರ್ಗ, ದಾವಣಗೆರೆ ಕಡೆ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ (5,289 ಮೀಟರ್) ಹತ್ತಬೇಕು ಅಂತಿದ್ದೀನಿ. ಚಿತ್ರದುರ್ಗದವನು, ಕೋಟೆ ಬಂಡೆಗಳ ಮೇಲೇ ಆಡಿ ಬೆಳೆದವನು. ಕೈಕಾಲು ಊರಿ ಹತ್ತೋದಕ್ಕೆ ಭಯವಿಲ್ಲ. ಈಗ ವಾರಕ್ಕೆರಡು ಸಲ ಹತ್ತು ಕೆಜಿ ಚೀಲ ಹೊತ್ತು ಊರ ಹತ್ತಿರದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗ್ತೀನಿ. ಆದರೆ ಅದು 1,300 ಮೀಟರ್ ಚಿಲ್ಲರೆ. ಫ್ರೆಂಡ್‌ಶಿಪ್ ಪೀಕ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ.

ನಿಜವಾದ ಚಿಂತೆ ಹಿಮದ್ದು. ಹಿಮದ ಮೇಲೆ ಒಂದು ಹೆಜ್ಜೆಯೂ ಇಟ್ಟಿಲ್ಲ. ಕ್ರಾಂಪಾನ್ (ಬೂಟಿನಡಿಯ ಲೋಹದ ಮುಳ್ಳುಪಟ್ಟಿ) ಕಟ್ಟಿ ನಡೆಯೋದು, ಜಾರಿದರೆ ಐಸ್ ಆಕ್ಸ್ (ಹಿಮಗೊಡಲಿ) ಊರಿ ತಡೆಯೋದು, ಹಿಮ ಮುಚ್ಚಿದ ಬಿರುಕುಗಳ ನಡುವೆ ಹಗ್ಗ ಕಟ್ಟಿಕೊಂಡು ಸಾಗೋದು, ಇದನ್ನೆಲ್ಲ ಬೇಸ್ ಕ್ಯಾಂಪಿನಲ್ಲಿ ಒಂದು ದಿನ ಕಲಿತರೆ ಸಾಕಾ? ಇಲ್ಲ, ಮೊದಲು ಪರ್ವತಾರೋಹಣದ ಕೋರ್ಸ್ ಮುಗಿಸಬೇಕಾ?

ಹೋಗಿಬಂದವರು ದಯವಿಟ್ಟು ತಿಳಿಸಿ. ದಾವಣಗೆರೆಗೆ ಬಂದು ಭೇಟಿಯಾಗೋಕೂ ಸಿದ್ಧ. ಕೋರ್ಸೇ ಬೇಕು ಅಂದರೆ ಒಂದು ವರ್ಷ ಮುಂದೂಡ್ತೀನಿ.