ಸಿಸ್ಟಿಕ್ ಫೈಬ್ರೋಸಿಸ್: ಶ್ವಾಸಕೋಶ ಹಾಳಾಗುವುದು ಬ್ಯಾಕ್ಟೀರಿಯಾದಿಂದಾನಾ, ನಮ್ಮದೇ ಬಿಳಿ ರಕ್ತಕಣಗಳಿಂದಾನಾ?

ಕುತೂಹಲಿ_ಜೀವಿ:
ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಆನುವಂಶಿಕ ಕಾಯಿಲೆಯಲ್ಲಿ ಸಿಎಫ್‌ಟಿಆರ್ ಜೀನ್ ಕೆಟ್ಟು ಕ್ಲೋರೈಡ್ ಸರಿಯಾಗಿ ಓಡಾಡುವುದಿಲ್ಲ, ಕಫ ಗಟ್ಟಿಯಾಗುತ್ತದೆ, ಅಲ್ಲಿ ಸೋಂಕು ಬೇರೂರುತ್ತದೆ. ಇಷ್ಟು ಗೊತ್ತಿತ್ತು. ಈಗ ನೋಡಿದರೆ ಜಾಸ್ತಿ ಹಾನಿ ಮಾಡುವುದು ನ್ಯೂಟ್ರೋಫಿಲ್‌ ಅನ್ನುವ ಬಿಳಿ ರಕ್ತಕಣಗಳು ಅನ್ನುತ್ತಾರೆ. ಕಾಪಾಡಬೇಕಾದವೇ ಯಾಕೆ ಹೀಗೆ? ಹಾಗಿದ್ದರೆ ಸ್ಟೀರಾಯ್ಡ್ ಕೊಟ್ಟು ಅವನ್ನು ತಡೆದರೆ ಆಯ್ತಲ್ವಾ?

ಕಣಕಣ:
ಬಂದು ಕೆಲಸ ಮುಗಿಸಿ ಹೋಗಿದ್ದರೆ ತೊಂದರೆ ಇರಲಿಲ್ಲ. ಐಎಲ್-8 ಅನ್ನುವ ಸಂಕೇತ ಇವನ್ನು ಕರೆಯುತ್ತಲೇ ಇರುತ್ತದೆ, ಇವು ಬರುತ್ತಲೇ ಇರುತ್ತವೆ. ಆದರೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ತನ್ನ ಸುತ್ತ ಬಯೋಫಿಲ್ಮ್ ಅನ್ನುವ ಅಂಟು ಪದರ ಕಟ್ಟಿಕೊಂಡು ಕೂತಿದ್ದರೆ ಅದನ್ನು ನುಂಗುವುದು ಕಷ್ಟ, ಹಾಗಾಗಿ ನ್ಯೂಟ್ರೋಫಿಲ್‌ಗಳು ಅಲ್ಲೇ ಸತ್ತು ತಮ್ಮ ಎಲಾಸ್ಟೇಸ್ ಕಿಣ್ವವನ್ನೂ ಡಿಎನ್‌ಎಯನ್ನೂ ಕಫದೊಳಗೆ ಚೆಲ್ಲುತ್ತವೆ. ಎಲಾಸ್ಟೇಸ್ ಶ್ವಾಸನಾಳದ ಗೋಡೆಯನ್ನು ತಿನ್ನುತ್ತದೆ. ಬ್ಯಾಕ್ಟೀರಿಯಾ ಹಿಡಿಯಲು ಬೇಕಾದ ಆಂಟಿಬಾಡಿ, ರಿಸೆಪ್ಟರ್‌ಗಳನ್ನೂ ಕತ್ತರಿಸುತ್ತದೆ. ಸಾಲದ್ದಕ್ಕೆ ಇನ್ನಷ್ಟು ಐಎಲ್-8 ಬರುವಂತೆ ಮಾಡುತ್ತದೆ! ಡಿಎನ್‌ಎ ಕಫವನ್ನು ಇನ್ನೂ ಅಂಟಾಗಿಸುತ್ತದೆ. ಡಾರ್ನೇಸ್ ಆಲ್ಫಾ ಅನ್ನುವ ನೆಬುಲೈಜರ್ ಔಷಧಿ ಕತ್ತರಿಸುವುದು ಇದೇ ಡಿಎನ್‌ಎಯನ್ನು. ಕಫ ಹಸಿರಾಗಿ ಕಾಣುವುದಕ್ಕೂ ಮುಖ್ಯ ಕಾರಣ ನ್ಯೂಟ್ರೋಫಿಲ್‌ನ ಮೈಲೋಪೆರಾಕ್ಸಿಡೇಸ್ ಕಿಣ್ವ.

ಹಳೇ_ಲ್ಯಾಬ್:
ಮ್ಯಾಕ್ರೋಫೇಜ್‌ಗಳನ್ನು ಎಲ್ಲರೂ ಮರೆಯುತ್ತಾರೆ. ಸಾಯುತ್ತಿರುವ ನ್ಯೂಟ್ರೋಫಿಲ್‌ಗಳನ್ನು ನುಂಗಿ ಜಾಗ ಶುಚಿ ಮಾಡುವುದು ಅವುಗಳ ಕೆಲಸ. ಇಲ್ಲಿ ಎಲಾಸ್ಟೇಸ್ ಅದಕ್ಕೂ ಅಡ್ಡ ಬರುತ್ತದೆ. ಮ್ಯಾಕ್ರೋಫೇಜ್‌ಗಳಲ್ಲೂ ಸಿಎಫ್‌ಟಿಆರ್ ಇದೆ, ಆದ್ದರಿಂದ ದೋಷ ಬರೀ ಶ್ವಾಸನಾಳದ ಒಳಪದರದ್ದು ಅಂತ ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಇದೆಲ್ಲ ತುಂಬಾ ಬೇಗ ಶುರುವಾಗುತ್ತದೆ ಕೂಡ. 2013ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, 3 ತಿಂಗಳ ಮಗುವಿನ ಶ್ವಾಸಕೋಶ ತೊಳೆದ ದ್ರವದಲ್ಲಿ ಎಲಾಸ್ಟೇಸ್ ಕಂಡುಬಂದರೆ ಮುಂದೆ ಬ್ರಾಂಕಿಯೆಕ್ಟೇಸಿಸ್ (ಶ್ವಾಸನಾಳ ಹಿಗ್ಗಿ ಹಾಳಾಗುವುದು) ಆಗುವ ಸಾಧ್ಯತೆ ಜಾಸ್ತಿ ಅಂತ ಗೊತ್ತಾಯಿತು.

ಡೋಸ್_ನೋಡಿ:
ಸ್ಟೀರಾಯ್ಡ್ ವಿಷಯಕ್ಕೆ ಬರುತ್ತೇನೆ. ಮಕ್ಕಳಿಗೆ ದಿನ ಬಿಟ್ಟು ದಿನ ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟು ನೋಡಿದ್ದಾರೆ. ಶ್ವಾಸಕೋಶಕ್ಕೆ ಸ್ವಲ್ಪ ಲಾಭವಾಯಿತು, ಆದರೆ ಬೆಳವಣಿಗೆ ಕುಂಠಿತವಾಯಿತು. ದೊಡ್ಡ ಡೋಸ್ ಐಬುಪ್ರೊಫೆನ್ ಶ್ವಾಸಕೋಶದ ಸಾಮರ್ಥ್ಯ ಕುಗ್ಗುವುದನ್ನು ನಿಧಾನಿಸುತ್ತದೆ ಅಂತ 1995ರಲ್ಲೇ ತೋರಿಸಿದ್ದಾರೆ, ಆದರೆ ರಕ್ತದಲ್ಲಿ ಅದರ ಮಟ್ಟ ಅಳೆಯುತ್ತಾ ಕೊಡಬೇಕು, ಹೊಟ್ಟೆ, ಕಿಡ್ನಿಯ ಭಯ ಬೇರೆ. ನನಗೆ ಮುಖ್ಯ ಅನಿಸುವುದು ಇನ್ನೊಂದು ಪ್ರಯೋಗ. ನ್ಯೂಟ್ರೋಫಿಲ್‌ಗಳನ್ನು ಕರೆಯುವ ಲ್ಯೂಕೋಟ್ರೈನ್ ಬಿ4 ಸಂಕೇತವನ್ನು ತಡೆಯುವ ಔಷಧಿ ಕೊಟ್ಟರು, ಸೋಂಕು ಉಲ್ಬಣಿಸುವುದು ಜಾಸ್ತಿಯಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಂದರೆ ಈ ಕಣಗಳು ಅಷ್ಟು ಕೆಟ್ಟದಾಗಿ ಕೆಲಸ ಮಾಡುತ್ತಿದ್ದರೂ ಏನೋ ಒಂದು ಮಟ್ಟಿಗೆ ತಡೆದು ಹಿಡಿದಿದ್ದವು, ಪೂರ್ತಿ ಸುಮ್ಮನಾಗಿಸಲು ಹೋದರೆ ಅಪಾಯ.

ಕುತೂಹಲಿ_ಜೀವಿ:
ಸರಿ. ಹಾಗಾದರೆ ಸಿಎಫ್‌ಟಿಆರ್ ದೋಷವನ್ನೇ ಸರಿಪಡಿಸಲು ನೋಡುವ ಈಗಿನ ಮಾಡ್ಯುಲೇಟರ್ ಮಾತ್ರೆಗಳು ಉರಿಯೂತಕ್ಕೂ ಕೆಲಸ ಮಾಡುತ್ತವಾ?

ಕಣಕಣ:
ಸ್ವಲ್ಪ ಮಟ್ಟಿಗೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೂರು ಔಷಧಿಗಳ ಟ್ರಿಕಾಫ್ಟಾ ತೆಗೆದುಕೊಂಡವರ ಕಫದಲ್ಲಿ ಎಲಾಸ್ಟೇಸ್ ಇಳಿಯುತ್ತದೆ. ಆದರೆ ಆಗಲೇ ಶ್ವಾಸನಾಳ ಹಿಗ್ಗಿ ಹಾಳಾಗಿರುವವರಲ್ಲಿ ಉರಿಯೂತ ಪೂರ್ತಿ ಹೋಗುವುದಿಲ್ಲ, ಎಷ್ಟೋ ಜನರಲ್ಲಿ ಸ್ಯೂಡೊಮೊನಾಸ್ ಕೂಡ ಉಳಿದೇ ಇರುತ್ತದೆ.